ಟ್ರಾನ್ಸಿಟ್‌ನಲ್ಲಿ ಕಳೆದದ್ದು

ಘಾಟ್ಕೋಪರ್, ಮುಂಬೈ
ಶುಕ್ರವಾರ, ೨೩ ಜನವರಿ ೨೦೨೬
ಜುಮ್ಮಾ ನಮಾಜಿನ ನಂತರ

ಬೇಟಿ ಸಮೀನಾ,

ಹಾಗಲ್ಲ. ನಿನ್ನೆ ಫೋನಿನಲ್ಲಿ ನೀನು ಹೇಳಿದ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರವಿತ್ತು. ನಾನು ಬಾಯಿ ತೆರೆಯುವುದರೊಳಗೆ ನೀನು "ಟ್ಯೂಶನ್ ಹುಡುಗ್ರು ಬಂದ್ರು, ಇಡ್ತೀನಿ ಅಬ್ಬಾ" ಎಂದು ಇಟ್ಟುಬಿಟ್ಟೆ. ಉತ್ತರ ನನ್ನ ಹತ್ತಿರವೇ ಉಳಿಯಿತು. ಬೆಳಗಿನಿಂದ ಅದನ್ನು ಹಿಡಿದುಕೊಂಡು ಈ ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ಗೋಡೆಯಿಂದ ಗೋಡೆಗೆ ತಿರುಗುತ್ತಿದ್ದೇನೆ.

ನೋಡು, ಸಲಾಂ ಹೇಳುವುದನ್ನೇ ಮರೆತೆ. ಅಸ್ಸಲಾಮು ಅಲೈಕುಮ್. ಅಳಿಯ ನವಾಜನಿಗೆ, ಮೊಮ್ಮಗಳು ಬುಷರಾಳಿಗೆ ನನ್ನ ದುವಾ. ನಿನಗೆ ಕಾಗದ ಬರೆಯದೆ ಎಷ್ಟೋ ವರ್ಷವಾಯಿತು. ತಡವಾದದ್ದಕ್ಕೆ ಮಾಫ್ ಮಾಡು. ಇದು ಸಾಮಾನ್ಯ ತಡವಲ್ಲ, ಅದು ನನಗೆ ಗೊತ್ತಿದೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಗಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ಕಾಗದದಲ್ಲಿ ಹಾಕಲಾರೆ. ಪಕ್ಕದ ಖೋಲಿಯ ಗುರಲಿಂಗಪ್ಪ, ಸುಂದ್ರವ್ವ ಇವತ್ತು ಏಳು ಗಂಟೆಗೆ ವಿಜಯಪುರದ ಬಸ್ಸಿಗೆ ಹೊರಡುತ್ತಾರೆ. ನಾಳೆ ನಿನ್ನ ಮನೆಗೆ ಬಂದು ನಿನ್ನ ಕೈಯಲ್ಲೇ ಕೊಡಬೇಕೆಂದು ಹೇಳಿದ್ದೇನೆ. ಪೋಸ್ಟಿಗೆ ಹಾಕುವುದಿಲ್ಲ. ನಮ್ಮ ಮನೆಗೂ ಪೋಸ್ಟಿಗೂ ಆಗಿಬರುವುದಿಲ್ಲ, ನಿನಗೆ ಗೊತ್ತಿದ್ದದ್ದೇ.

ನಿನ್ನೆ ನಾನು ಕೇಳಿದ್ದಾದರೂ ಏನು? ಒಂದು ವಿಶ್ವವಿದ್ಯಾಲಯದವರು ಖಗೋಳಶಾಸ್ತ್ರದ ಪಾಠಗಳನ್ನು ಇಂಟರ್ನೆಟ್ಟಿನ ಮೇಲೆ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹನ್ನೆರಡು ವಾರ. ಬಿ.ಎಸ್‌ಸಿ. ಫಿಜಿಕ್ಸ್ ಓದಿದ್ದರೆ ಸಾಕು. ಮನೆಯಲ್ಲೇ ಕುಳಿತು ಕೇಳಬಹುದು, ಕೊನೆಗೊಂದು ಪರೀಕ್ಷೆ. ಹೆಸರು ಹಚ್ಚಲು ಕೊನೆಯ ತಾರೀಖು ಮೂವತ್ತೊಂದು. ನೀನು ಹೆಸರು ಹಚ್ಚು ಎಂದೆ. ಅದಕ್ಕೆ ನೀನು ಅಂದದ್ದು ಇದು: "ಛೋಡ್ರಿ ಅಬ್ಬಾ. ಒಮ್ಮೆ ಅರ್ಜಿ ಹಾಕಿ ನೋಡೀನಲ್ಲ? ನನ್ನಂಥವರನ್ನ ಅವರು ತಗೋಳಂಗಿಲ್ಲ ಅಂತ ಇಪ್ಪತ್ತನೇ ವಯಸ್ಸಿಗೇ ತಿಳದೈತಿ. ಬೇಕಾದ್ರ ಬುಷರಾಗ ಕಲಸ್ರಿ."

ನನ್ನಂಥವರನ್ನ. ಆ ಒಂದು ಶಬ್ದ ನನ್ನನ್ನು ಕೂಡಗೊಡುತ್ತಿಲ್ಲ.

ನಿನ್ನ ಅಮ್ಮಿ ಹೋದ ಮೇಲೆ ಈ ಮೂರು ವರ್ಷ ನಾನು ಏನು ಮಾಡಿದೆ ಎಂದು ನೀನು ಕೇಳಿಲ್ಲ. ಅಬ್ಬಾ ಮೊಬೈಲಿನಲ್ಲಿ ಮುಳುಗಿದ್ದಾರೆ ಎಂದಷ್ಟೇ ನಿನಗೆ ಗೊತ್ತು. ಹೇಳುತ್ತೇನೆ ಕೇಳು. ಮೊದಲು ಸಿಕ್ಕಿದ್ದು ನಾಸಾದವರ ದಿನಕ್ಕೊಂದು ಚಿತ್ರದ ಪುಟ. ಚಿತ್ರದ ಕೆಳಗೆ ಅದನ್ನು ಬಲ್ಲವರೊಬ್ಬರು ನಾಲ್ಕಾರು ಸಾಲು ಬರೆದಿರುತ್ತಾರೆ. ಆ ನಾಲ್ಕು ಸಾಲಿಗೆ ನನಗೆ ಒಂದು ಮುಂಜಾನೆ ಬೇಕು, ರಟ್ಟು ಹರಿದ ನನ್ನ ಹಳೆಯ ಡಿಕ್ಷನರಿ ಬೇಕು, ಎರಡು ಸಲ ಚಹಾ ಬೇಕು. ಆಮೇಲೆ ಸ್ಟೆಲೇರಿಯಂ ಎಂಬುದು ಸಿಕ್ಕಿತು. ಊರ ಹೆಸರು ಹಾಕಿದರೆ ಆ ಊರಿನ ಆಕಾಶವನ್ನು ಪರದೆಯ ಮೇಲೆ ತರುತ್ತದೆ. ನಾನು ಮುಂಬೈ ಹಾಕಿದೆ. ನಮ್ಮ ಕಿಟಕಿಯ ಎದುರಿನ ಇಪ್ಪತ್ತೆರಡು ಮಾಳಿಗೆಯ ಟವರ್ ಅದರಲ್ಲಿ ಇಲ್ಲ! ಹೊಗೆ ಇಲ್ಲ, ಮೆಟ್ರೋದ ಲೈಟು ಇಲ್ಲ. ಐವತ್ತು ವರ್ಷ ಈ ಊರಿನಲ್ಲಿದ್ದು ಈ ಊರಿನ ಆಕಾಶವನ್ನು ಮೊದಲ ಸಲ ನೋಡಿದ್ದು ಮೊಬೈಲಿನಲ್ಲಿ. ಒಬ್ಬನೇ ಕುಳಿತು ನಕ್ಕೆ.

ಕಷ್ಟವೆಲ್ಲ ಇಂಗ್ಲಿಷಿನದು. ಕಾಲೇಜಿನಲ್ಲಿ ಎರಡು ವರ್ಷ ಕಲಿತದ್ದರಲ್ಲಿ ಅರ್ಧ ತುಕ್ಕು ಹಿಡಿದಿದೆ, ಉಳಿದರ್ಧ ತಪ್ಪು ಜಾಗದಲ್ಲಿ ಕೈಗೆ ಸಿಗುತ್ತದೆ. ಕಂಜಂಕ್ಷನ್ ಎಂದರೆ ಆ್ಯಂಡ್, ಬಟ್, ಆರ್ ಎಂದು ನಮ್ಮ ಪ್ರೊಫೆಸರು ಬಾಯಿಪಾಠ ಮಾಡಿಸಿದ್ದರು. ಇಲ್ಲಿ ನೋಡಿದರೆ ಚಂದ್ರ, ಶನಿಗಳ ಕಂಜಂಕ್ಷನ್. ಅವರಿಬ್ಬರ ನಡುವೆ ಯಾವ ಆ್ಯಂಡ್, ಯಾವ ಬಟ್? ಆಕಾಶದಲ್ಲಿ ಒಬ್ಬರ ಪಕ್ಕ ಒಬ್ಬರು ಬಂದು ನಿಲ್ಲುವುದಂತೆ ಅದು. ಮೀನ್ ಡಿಸ್ಟೆನ್ಸ್ ಎಂದು ಓದಿದೆ. ಮೀನ್ ಎಂದರೆ ಸಣ್ಣ ಬುದ್ಧಿಯವನು. ದೂರಕ್ಕೆ ಸಣ್ಣ ಬುದ್ಧಿ ಹೇಗೆ ಬಂತು ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಸರಾಸರಿ ಎಂಬ ಅರ್ಥವಂತೆ. ನೀನು ಹತ್ತಿರವಿದ್ದರೆ ಅರ್ಧ ನಿಮಿಷದ ಕೆಲಸ. ಗುರು ಈ ತಿಂಗಳು ಸೂರ್ಯನ ಎದುರು ಬದಿಗೆ, ಅಪೋಜಿಶನ್‌ನಲ್ಲಿದ್ದಾನೆ ಎಂದು ಗುರಲಿಂಗಪ್ಪನಿಗೆ ಹೇಳಿದರೆ ಅವನು, "ಅಲ್ಲೂ ಅಪೋಜಿಶನ್ ಐತೇನ್ರಿ ಸಾಹೇಬ್ರ? ಹಂಗಾದ್ರ ಅಲ್ಲೂ ಕೆಲಸ ಆಗಂಗಿಲ್ಲ ಬಿಡ್ರಿ" ಎಂದ.

ತಡೆ, ನೀರು ಬಂತು. ತುಂಬಿಟ್ಟು ಬರುತ್ತೇನೆ.

ಬಂದೆ. ಎಲ್ಲಿದ್ದೆ? ನನ್ನನ್ನು ಹಿಡಿದು ಕೂಡಿಸಿದ ಶಬ್ದ ಬೇರೆ. ಒಂದು ಜಾಲತಾಣವಿದೆ. ಮೇಲೆ ಆಕಾಶದಲ್ಲಿ ಸುತ್ತುವ ದೂರದರ್ಶಕ ಒಂದೊಂದು ನಕ್ಷತ್ರದ ಬೆಳಕನ್ನು ದಿನಗಟ್ಟಲೆ ಅಳೆಯುತ್ತದೆ. ಆ ಅಳತೆಗಳನ್ನು ಸಾಲಾಗಿ ಚುಕ್ಕಿ ಇಟ್ಟು, ಕಂಪ್ಯೂಟರಿನ ಕಣ್ಣು ತಪ್ಪಿಸಿಕೊಂಡದ್ದನ್ನು ಮನುಷ್ಯರಾದರೂ ಹಿಡಿಯಲಿ ಎಂದು, ನಮ್ಮಂಥ ಯಾರೇ ಬಂದರೂ ಅವರ ಮುಂದೆ ಇಡುತ್ತಾರೆ. ಮೊದಲ ದಿನದ ಪಾಠದಲ್ಲೇ ಬರೆದಿತ್ತು: ದಿ ಪ್ಲಾನೆಟ್ ಇಸ್ ಇನ್ ಟ್ರಾನ್ಸಿಟ್.

ನಾನು ಎದ್ದು ನಿಂತೆ. ಅಯ್ಯೋ ಪಾಪ, ಗ್ರಹಕ್ಕೂ ಟ್ರಾನ್ಸಿಟ್ ಕ್ಯಾಂಪೇ? ಅದರ ಚಾಳನ್ನು ಯಾವ ಬಿಲ್ಡರ್ ಕೆಡವಿದನೋ! ಆಂಟಾಪ್ ಹಿಲ್‌ನ ನಮ್ಮ ಚಾಳು ಕೆಡವಿ, ಹೊಸ ಬಿಲ್ಡಿಂಗ್ ಏಳುವ ತನಕ ಎರಡು ವರ್ಷ ಮಾತ್ರ ಎಂದು ನಮ್ಮನ್ನು ಈ ಟ್ರಾನ್ಸಿಟ್ ಕ್ಯಾಂಪಿಗೆ ತಂದು ಹಾಕಿ ಹದಿನೇಳು ವರ್ಷ ದಾಟಿತು. ನಿನ್ನ ನಿಕಾಹ್ ಇಲ್ಲಿಂದಲೇ ಆಯಿತು, ನಿನ್ನ ಅಮ್ಮಿಯ ಜನಾಜಾ ಇಲ್ಲಿಂದಲೇ ಎದ್ದಿತು. ಟ್ರಾನ್ಸಿಟ್ ಎಂದರೆ ಇನ್ನೇನು ತಿಳಿಯಬೇಕು ನಾನು?

ಆಮೇಲೆ ಚಿತ್ರ ನೋಡಿ ತಿಳಿಯಿತು. ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವುದು ಟ್ರಾನ್ಸಿಟ್. ಗ್ರಹ ಕಾಣುವುದಿಲ್ಲ. ನಕ್ಷತ್ರದ ಬೆಳಕು ಒಂದು ಕೂದಲೆಳೆಯಷ್ಟು ಇಳಿದು ಮತ್ತೆ ಏರುತ್ತದೆ, ಅಷ್ಟೇ ಗುರುತು. ಚುಕ್ಕಿಗಳ ಸಾಲಿನಲ್ಲಿ ಸಣ್ಣದೊಂದು ತಗ್ಗು. ಮೂರು ತಾಸಿನ ಮಾತು ಬಹಳ ಸಲ. ಗುರಲಿಂಗಪ್ಪ ಬಗ್ಗಿ ನೋಡಿ, "ಅವರದು ಮೂರು ತಾಸ, ನಮ್ಮದು ಹದಿನೇಳ ವರ್ಷ! ಸಾಹೇಬ್ರ, ಆ ಗ್ರಹದಾಗ ಮನೀ ಪಜೇಶನ್ ಯಾವಾಗ ಕೊಡ್ತಾರ ಕೇಳ್ರಿ. ಇಲ್ಲಿಕಿಂತ ಮೊದಲ ಅಲ್ಲೇ ಸಿಕ್ಕೀತು" ಎಂದ. ಒಳಗಿನಿಂದ ಸುಂದ್ರವ್ವ, "ನೀವು ಹೋಗ್ರಿ ಮೊದಲ, ನೀರ ಬರ್ತೈತಿಲ್ಲ ನೋಡಿ ಹೇಳ್ರಿ, ಆಮೇಲೆ ನಾ ಬರ್ತೀನಿ" ಎಂದಳು.

ಆ ಕೆಲಸ ನನ್ನ ಕೈಗೆ ಹತ್ತಿತು, ಬೇಟಿ. ಯಾಕೆ ಹತ್ತಬಾರದು? ವಿಕ್ರೋಳಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನಾನು ಮಾಡಿದ್ದು ಅದನ್ನೇ. ನೀನು ಸಣ್ಣವಳಿದ್ದಾಗ ಆಟಕ್ಕೆ ಕೇಳುತ್ತಿದ್ದ ಗೇಜು ನೆನಪಿದೆಯೇ, ಎರಡು ತುದಿಯದು? 'ಗೋ' ಎಂಬ ತುದಿ ಪೀಸಿನ ತೂತಿನಲ್ಲಿ ಸಲೀಸಾಗಿ ಹೋಗಬೇಕು, 'ನೋ ಗೋ' ಎಂಬ ತುದಿ ಹೋಗಬಾರದು. ಎರಡೂ ಸರಿಯಾದರೆ ಪಾಸು, ಇಲ್ಲವಾದರೆ ಕೆಂಪು ಬಣ್ಣ ಹಚ್ಚಿ ರಿಜೆಕ್ಟ್ ಡಬ್ಬಿಗೆ. ಕೆಂಪು ಹಚ್ಚಿದ ಪೀಸನ್ನು ಆಮೇಲೆ ಯಾರೂ ಅಳೆದು ನೋಡುವುದಿಲ್ಲ. ಇನ್‌ಸ್ಪೆಕ್ಟರನ, ಅಂದರೆ ನನ್ನ, ಮಾತೇ ಕೊನೆ. ಆ ಡಬ್ಬಿಯ ಬಗ್ಗೆ ಈಗೀಗ ಬಹಳ ಯೋಚನೆ ಬರುತ್ತದೆ.

ಹೋದ ಮಂಗಳವಾರ ಒಂದು ನಕ್ಷತ್ರದಲ್ಲಿ ನನಗೆ ತಗ್ಗು ಕಂಡಿತು. ಹೆಸರಿಲ್ಲದ ನಕ್ಷತ್ರ, ಬರೀ ನಂಬರು. ಆ ತಾಣದಲ್ಲಿ ಮಾತಾಡುವ ಕಟ್ಟೆ ಒಂದಿದೆ. ಅಲ್ಲಿ ನನಗೆ ಬಂದ ಹಾಗೆ ಬರೆದೆ: ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದಿ ಅಬೋವ್ ಸ್ಟಾರ್, ಐ ಬೆಗ್ ಟು ಸ್ಟೇಟ್. ಕೊನೆಗೆ ಯುವರ್ಸ್ ಒಬೀಡಿಯಂಟ್ಲಿ ಹಾಕಿದೆ. ಮರುದಿನ ಯಾವುದೋ ದೇಶದ ಹೆಣ್ಣುಮಗಳು ಎರಡೇ ಶಬ್ದದ ಉತ್ತರ ಹಾಕಿದ್ದಳು: ನೈಸ್ ಕ್ಯಾಚ್.

ಕ್ಯಾಚ್ ಎಂದರೆ ಹಿಡಿಯುವುದು, ಸಿಕ್ಕಿಬೀಳುವುದು. ನನ್ನನ್ನು ಹಿಡಿದರು ಎಂದುಕೊಂಡೆ! ಮೊಬೈಲನ್ನು ಮುಚ್ಚಿ ದಿಂಬಿನ ಕೆಳಗಿಟ್ಟು ಅರ್ಧ ತಾಸು ಕುಳಿತೆ. ಅದು ಶಾಭಾಸ್ ಎಂಬ ಮಾತೆಂದು ಸುಂದ್ರವ್ವ ಹೇಳಿದಳು, ಕ್ರಿಕೆಟ್ ನೋಡಿ ನೋಡಿ ಅವಳಿಗೆ ಗೊತ್ತು. ನಗು ಬರುತ್ತದಲ್ಲವೇ? ನನಗೂ ಬಂತು, ಸ್ವಲ್ಪ ಹೊತ್ತಿನ ಮೇಲೆ. ಶಾಭಾಸ್‌ಗಿರಿಯನ್ನು ಓದಿ ಮನುಷ್ಯನಿಗೆ ಹೆದರಿಕೆ ಯಾಕೆ ಬರಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ.

ಇವನ್ನೆಲ್ಲ ನೋಡುವಾಗ ನನ್ನ ಕಣ್ಣ ಮುಂದೆ ಬರುವುದು ನಮ್ಮ ಹಳೆಯ ಚಾಳಿನಲ್ಲಿ ಖೋಲಿಗಳ ಮುಂದಿದ್ದ ಉದ್ದ ಗ್ಯಾಲರಿ. ನೀನು ಸೀಮೆಸುಣ್ಣದಲ್ಲಿ ಗ್ರಹಗಳನ್ನು ಬರೆಯುತ್ತಿದ್ದೆ. ನಮ್ಮ ಬಾಗಿಲಲ್ಲಿ ಸೂರ್ಯ, ಗುರಲಿಂಗಪ್ಪನ ಬಾಗಿಲ ಮುಂದೆ ಬಂದರೆ ಶನಿ, ಸಂಡಾಸಿನ ಹತ್ತಿರ ಪಾಪ ಪ್ಲೂಟೋ. ಸುಂದ್ರವ್ವ ತನ್ನ ಹೊಸ್ತಿಲ ಮುಂದೆ ಶನಿಯನ್ನು ಕಂಡು, ಕೊಡ ಹೊತ್ತುಕೊಂಡು ಗೋಡೆಗೆ ಅಂಟಿ ದಾಟುತ್ತಿದ್ದಳು. "ಬೇರೆ ಯಾರದರ ಮನೀ ಮುಂದ ಕೂಡಸ ನಮ್ಮವ್ವ ಅವನ್ನ, ನಮಗ ಮೊದಲ ಸಾಡೇಸಾತಿ ನಡದೈತಿ" ಎಂದು ಬೇಡಿಕೊಂಡರೆ, ಆರನೇ ಇಯತ್ತೆಯ ನೀನು ಸೊಂಟದ ಮೇಲೆ ಕೈಯಿಟ್ಟು, "ಅಂತರ ಅಳದು ಇಟ್ಟೀನಿ ಮೌಸಿ, ಸರಸಾಕ ಬರಂಗಿಲ್ಲ" ಎನ್ನುತ್ತಿದ್ದೆ. ನಿನ್ನ ಅಮ್ಮಿ ಬೀಬೀಜಾನ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಆಮೇಲೆ ನಿನಗೆ ಇಪ್ಪತ್ತಾಯಿತು. ಪುಣೆಯಲ್ಲಿ ದೊಡ್ಡ ಸಂಸ್ಥೆಯೊಂದು ಬಿ.ಎಸ್‌ಸಿ. ಓದುವ ಮಕ್ಕಳಿಗೆ ಆರು ವಾರದ ಖಗೋಳ ಶಿಬಿರ ಇಡುತ್ತದೆ ಎಂದು ಕಾಲೇಜಿನಲ್ಲಿ ಹೇಳಿದರು. ದೇಶಕ್ಕೆಲ್ಲ ಇಪ್ಪತ್ತು ಮಂದಿ. ನೀನು ಪರೀಕ್ಷೆ ಬರೆದೆ. ಆಯ್ಕೆಯಾದವರಿಗೆ ಮನೆಗೆ ಕಾಗದ ಬರುತ್ತದೆ ಎಂದಿದ್ದರು. ನೀನು ಆಂಟಾಪ್ ಹಿಲ್ ವಿಳಾಸ ಕೊಟ್ಟಿದ್ದೆ. ಅದೇ ಹೊತ್ತಿಗೆ ಚಾಳು ಕೆಡವಲು ಬಂದರು, ನಾವು ಟ್ರಂಕು ಹಾಸಿಗೆ ಹೊತ್ತು ಇಲ್ಲಿಗೆ ಬಂದೆವು. ಕಾಗದ ಬರಲಿಲ್ಲ.

ಆವತ್ತು ನಾನೇ ನಿನಗೆ ಹೇಳಿದ್ದು, ದೊಡ್ಡ ಇಂಗ್ಲಿಷಿನವನ ಹಾಗೆ: ಇಟ್ ಮಸ್ಟ್ ಹ್ಯಾವ್ ಬೀನ್ ಲಾಸ್ಟ್ ಇನ್ ಟ್ರಾನ್ಸಿಟ್. ದಾರಿಯಲ್ಲಿ ಕಳೆದಿರಬೇಕು ಎಂದು ನನ್ನ ಅರ್ಥ. ನೀನು ಕೇಳಿಸಿಕೊಂಡದ್ದು ಟ್ರಾನ್ಸಿಟ್ ಕ್ಯಾಂಪಿನಲ್ಲಿ ಕಳೆದಿದೆ ಎಂದು. ಕ್ಯಾಂಪ್ ಆಫೀಸಿನ ಕ್ಲಾರ್ಕಿನ ಮೇಜಿನ ಮುಂದೆ ನೀನು ಹನ್ನೊಂದು ದಿನ ಹೋಗಿ ನಿಂತೆ. ಅವನು ರಜಿಸ್ಟರ್ ತಿರುವಿ ತಿರುವಿ, "ಬೇಟಿ, ಇಧರ್ ಸಿರ್ಫ್ ಆದ್ಮಿ ಟ್ರಾನ್ಸಿಟ್ ಮೇ ಆತಾ ಹೈ, ಚಿಟ್ಠಿ ನಹೀ" ಎಂದನಂತೆ, ಇಲ್ಲಿ ಟ್ರಾನ್ಸಿಟ್‌ಗೆ ಬರುವುದು ಮನುಷ್ಯರು, ಕಾಗದವಲ್ಲ ಎಂದು. ನೀನು ಮನೆಗೆ ಬಂದು ಅದನ್ನು ನಗುತ್ತ ಹೇಳಿದೆ. ಹನ್ನೆರಡನೇ ದಿನ ಹೋಗಲಿಲ್ಲ. "ಪುಣೆಗೆ ಫೋನ್ ಮಾಡ್ಲೇನ್ ಅಬ್ಬಾ?" ಎಂದು ಒಮ್ಮೆ ಕೇಳಿದೆ. ಬೇಡ, ದೊಡ್ಡವರಿಗೆ ತೊಂದರೆ ಕೊಡಬಾರದು, ಬೇಕಾದವರಿಗೆ ಅವರೇ ಬರೆಯುತ್ತಾರೆ ಎಂದೆ. ನೀನು ತಲೆ ಅಲ್ಲಾಡಿಸಿ ಚಪಾತಿ ಲಟ್ಟಿಸಲು ಕುಳಿತೆ. ಆಮೇಲೆ ಗ್ಯಾಲರಿಯಲ್ಲಾಗಲಿ ಎಲ್ಲಾಗಲಿ ನೀನು ಆಕಾಶದ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ.

ನವಾಜನ ಬಗ್ಗೆ ನನ್ನದೊಂದು ಮಾತೂ ಇಲ್ಲ. ಅವನಂಥ ಅಳಿಯ ಸಿಕ್ಕಿದ್ದು ನಮ್ಮ ಪುಣ್ಯ. ನಿನ್ನ ಟ್ಯೂಶನ್ನಿನ ಮಕ್ಕಳು ಗಣಿತದಲ್ಲಿ ನೂರಕ್ಕೆ ನೂರು ತೆಗೆಯುತ್ತಾರೆ ಎಂದು ಅವನೇ ಹೆಮ್ಮೆಯಿಂದ ಹೇಳುತ್ತಾನೆ. ಹೆಸರು ಹಚ್ಚುವ ಮಾತು ನಾನು ಎತ್ತಿದಾಗಲೂ, "ಮಾಮು, ನಾನೂ ಹೇಳಾಕತ್ತೀನಿ, ಆಕಿ ಕೇಳವಲ್ಲಳು. ಒಮ್ಮೆ ಬಿದ್ದಲ್ಲಿ ಮತ್ತ ಕಾಲ ಇಡಂಗಿಲ್ಲ ಅಂತಾಳ" ಎಂದ. ಬಿದ್ದಲ್ಲಿ! ನಿನಗೆ ಮೂವತ್ತೆಂಟಾಯಿತು ಸಮೀನಾ. ಹದಿನೇಳು ವರ್ಷದಿಂದ ನೀನು ಬಿದ್ದೆ ಎಂದು ತಿಳಿದುಕೊಂಡು ಬದುಕಿದ್ದೀಯಾ.

ಮತ್ತೆ ಎದ್ದು ಒಂದು ಸುತ್ತು ತಿರುಗಿ ಬಂದೆ. ಮೇಜು ಇಲ್ಲ, ನಿನಗೆ ಗೊತ್ತಲ್ಲ, ನಮ್ಮ ಹಸಿರು ಟ್ರಂಕಿನ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಗುರಲಿಂಗಪ್ಪ ಎರಡು ಸಲ ಇಣುಕಿ ಹೋದ. "ಸಾಹೇಬ್ರ, ಕಾಗದ ಬರ್ಯಾಕತ್ತೀರೋ, ಕತಿ ಬರ್ಯಾಕತ್ತೀರೋ? ಬಸ್ಸು ನಿಲ್ಲಂಗಿಲ್ಲ." ಇವತ್ತು ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೊದಲ ಮೂರು ಹರಿದು ಹಾಕಿದೆ. ಮೂರರಲ್ಲೂ ಜಾಲತಾಣಗಳ ಹೆಸರು ಬರೆದು, ಹೆಸರು ಹಚ್ಚು ಎಂದು ಹೇಳಿ, ಸಹಿ ಮಾಡಿಬಿಟ್ಟಿದ್ದೆ. ಅಷ್ಟೇ ಬರೆದರೆ ನೀನು ಹೆಸರು ಹಚ್ಚುವುದಿಲ್ಲ. ಅದು ನನಗೆ ಗೊತ್ತು. ಅಷ್ಟಕ್ಕೇ ನಿಲ್ಲಿಸಿದ್ದೂ ಅದಕ್ಕೇ ಇರಬಹುದು.

ಆ ಪಾಠಗಳು ಚೆನ್ನಾಗಿವೆ ಬೇಟಿ. ಮೊದಲ ವಾರದ್ದನ್ನು ಎಲ್ಲರಿಗೂ ನೋಡಲು ಬಿಟ್ಟಿದ್ದಾರೆ, ನಾನು ಆರು ಸಲ ನೋಡಿದೆ. ಹಲಗೆಯ ಮೇಲೆ ಗಣಿತ ಬಂದ ಕೂಡಲೇ ನನ್ನ ಗಾಡಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ನಿನ್ನದು. ನಾನು ನಿಂತ ಕಡೆಯಿಂದ ನೀನು ಎಷ್ಟು ದೂರ ಹೋಗುತ್ತಿದ್ದೆ ಎಂದು ಪ್ರತಿ ಸಲ ಅಲ್ಲೇ ನಿಂತು ನೋಡುತ್ತೇನೆ. ಮೂರು ವರ್ಷದಿಂದ ನಾನು ಇದನ್ನೆಲ್ಲ ಕಲಿತದ್ದು ಗ್ರಹ ಹುಡುಕಲಿಕ್ಕಲ್ಲ. ನಿನಗೆ ಸಿಗದೆ ಹೋದದ್ದು ಏನು, ಎಷ್ಟು ದೊಡ್ಡದು ಎಂದು ನನಗೆ ತಿಳಿಯಬೇಕಾಗಿತ್ತು.

ಇದೇನು, ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿವೆ. ತಲೆ ಎತ್ತಿ ನೋಡಿದರೆ ಬೆಳಕು ಇಳಿದಿದೆ. ಟವರಿನ ನೆರಳು ಯಾವಾಗ ಒಳಗೆ ಬಂತೋ ತಿಳಿಯಲಿಲ್ಲ. ಮಗ್ರಿಬ್ ನಮಾಜಿನ ಹೊತ್ತಾಯಿತು. ಟವರಿನ ಪಕ್ಕದ ಸಂದಿಯಲ್ಲಿ ಐದು ದಿನದ ಚಂದ್ರ ನಿಂತಿದ್ದಾನೆ. ಅವನ ಹತ್ತಿರ ಶನಿ ಇರಬೇಕು, ಇವತ್ತು ಅವರ ಕಂಜಂಕ್ಷನ್. ಇನ್ನೂ ಕಾಣುತ್ತಿಲ್ಲ.

ನಿಲ್ಲಿಸುತ್ತೇನೆ. ಅಲ್ಲಾಹ್ ನಿನ್ನನ್ನು, ನವಾಜನನ್ನು, ನನ್ನ ಬುಷರಾಳನ್ನು ಕಾಪಾಡಲಿ. ನಿನ್ನ ಕಣ್ಣು ಯಾವಾಗಲೂ ಮೇಲಿರಲಿ.

ನಿನ್ನ ಅಬ್ಬಾ,
ಸಿಕಂದರ

ಬರೆಯದೆ ಉಳಿಸಿದ್ದು: ಲೈಟ್ ಹಾಕಿ, ಟ್ರಂಕಿನ ಬಾಯಿ ತೆಗೆದು ಇದನ್ನು ಬರೆಯುತ್ತಿದ್ದೇನೆ. ಆ ಕಾಗದ ಬಂದಿತ್ತು. ೨೦೦೮ರ ಏಪ್ರಿಲ್ ಹತ್ತೊಂಬತ್ತು, ಶನಿವಾರ, ಆಂಟಾಪ್ ಹಿಲ್‌ಗೇ ಬಂತು. ನಾನೇ ಸಹಿ ಮಾಡಿ ತೆಗೆದುಕೊಂಡೆ. ವಿ ಆರ್ ಪ್ಲೀಸ್ಡ್ ಎಂದು ಶುರುವಾಗಿತ್ತು. ಅಷ್ಟು ಇಂಗ್ಲಿಷಿಗೆ ನನಗೆ ಡಿಕ್ಷನರಿ ಬೇಕಾಗಲಿಲ್ಲ. ಮರುದಿನ ನವಾಜನ ಮನೆಯವರು ನಿನ್ನನ್ನು ನೋಡಲು ಬರುವವರಿದ್ದರು. ಮಗಳು ಒಬ್ಬಳೇ ಆರು ವಾರ ಪುಣೆಯಲ್ಲಿ ಇರುತ್ತಾಳೆ ಎಂದರೆ ಅವರು ಏನೆಂದಾರೋ ಎಂದು ಹೆದರಿದೆ. ಅವರು ಹೋದ ಮೇಲೆ ಕೊಡೋಣ ಎಂದು ಟ್ರಂಕಿನ ತಳದಲ್ಲಿಟ್ಟೆ. ಒಪ್ಪಿಗೆ ತಿಳಿಸಲು ಹತ್ತು ದಿನ ಕೊಟ್ಟಿದ್ದರು. ಹತ್ತೂ ದಿನ ನಾಳೆ ಎಂದೆ. ಹನ್ನೊಂದನೇ ದಿನ ಅದು ಸುಳ್ಳಾಯಿತು, ಆಮೇಲೆ ಪ್ರತಿದಿನ ಆ ಸುಳ್ಳನ್ನೇ ಕಾಯ್ದೆ. ನೀನು ಕ್ಲಾರ್ಕಿನ ಮುಂದೆ ನಿಂತ ಹನ್ನೊಂದು ದಿನವೂ ಅದು ನಮ್ಮ ಖೋಲಿಯಲ್ಲೇ ಇತ್ತು. ನಿನ್ನ ಅಮ್ಮಿಗೂ ಹೇಳಲಿಲ್ಲ. ಅದು ಬರಲಿ ಎಂದು ಅವಳು ಇದೇ ಟ್ರಂಕಿನ ಪಕ್ಕದಲ್ಲಿ ಜಾನಮಾಜು ಹಾಸಿ ದುವಾ ಕೇಳುತ್ತಿದ್ದಳು. ಕಬೂಲ್ ಆಗಿದೆ ಎಂದು ತಿಳಿಯದೆಯೇ ಹೋದಳು.

ನೀನು ಪಾಸಾದ ಪೀಸು, ಸಮೀನಾ. ಕೆಂಪು ಬಣ್ಣ ನನ್ನ ಕೈಯದು.

ಲಕೋಟೆ ಇದರ ಜೊತೆಗಿದೆ. ಮೇಲೆ ನಿನ್ನ ಹೆಸರಿದೆ. ನನ್ನ ಜೊತೆ ಮಾತು ಬಿಟ್ಟರೂ ಸರಿ, ಮೂವತ್ತೊಂದರೊಳಗೆ ಹೆಸರು ಹಚ್ಚು.